ವಾರಗಿತ್ತಿಯ ಕಿರುಬೆರಳು

ನನ್ನ ವಾರಗಿತ್ತಿಗೆ ಡಾರ್ಟ್ಸ್ ಕಲಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬೇರೆ ಯಾರೂ ಹೇಳುವುದಿಲ್ಲ. ಪತ್ರಿಕೆಯವರು ಮನೆಗೆ ಬಂದಾಗ ನಮ್ಮ ಅತ್ತೆ ಕನ್ನಡಕ ಒರೆಸಿಕೊಂಡು, "ಅವಳಿಗೆ ಅದು ಹುಟ್ಟಿನಿಂದಲೇ ಬಂದಿದ್ದು" ಅನ್ನುತ್ತಾರೆ. ಹುಟ್ಟಿನಿಂದ ಏನು ಬಂದಿತ್ತು ಅಂತ ನನಗೆ ಗೊತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಎಸೆದ ಮೊದಲನೇ ಡಾರ್ಟು ಬೋರ್ಡನ್ನು ಬಿಟ್ಟು, ಪಕ್ಕದಲ್ಲಿ ಒಣಹಾಕಿದ್ದ ನಮ್ಮವರ ಡ್ಯೂಟಿ ಅಂಗಿಯ ಜೇಬಿಗೆ ಹೋಗಿ ಚುಚ್ಚಿಕೊಂಡಿತ್ತು.

ನಮ್ಮದು ಅಣ್ಣ ತಮ್ಮ ಇಬ್ಬರ ಸಂಸಾರವೂ ಒಟ್ಟಿಗಿರುವ ಮನೆ. ಅಣ್ಣ, ಅಂದರೆ ನಮ್ಮವರು, ಸಿಟಿ ಬಸ್ಸಿನ ಡ್ರೈವರು. ಮೈದುನ ಲಿಫ್ಟ್ ರಿಪೇರಿ ಮಾಡುತ್ತಾನೆ. ನಾನು ಪರದೆ ಬಟ್ಟೆಯ ಅಂಗಡಿಯಲ್ಲಿ ಅಳತೆ ಹಿಡಿದು ಕತ್ತರಿಸುವವಳು. ಅವಳು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ಅಡುಗೆಮನೆಯಿಂದ ಬಚ್ಚಲಿಗೆ ಹೋಗುವ ಓಣಿಯ ಗೋಡೆಯಲ್ಲಿ ನನ್ನ ಬೋರ್ಡು. ಯಾರೇ ಬಚ್ಚಲಿಂದ ಹೊರಗೆ ಬರುವ ಮೊದಲು ಒಳಗಿನಿಂದಲೇ "ಬರ್ತಾ ಇದೀನಿ!" ಅಂತ ಕೂಗಬೇಕು ಅನ್ನುವುದು ಮನೆಯ ನಿಯಮ. ನಿಯಮ ಮಾಡಿದವಳೂ ನಾನೇ. ಅವಳು ಈ ಮನೆಗೆ ಕಾಲಿಡುವ ಎಷ್ಟೋ ವರ್ಷ ಮೊದಲಿನಿಂದ ಆ ಓಣಿ ನನ್ನದು.

ಕಲಿಸಿದ್ದು ಪ್ರೀತಿಯಿಂದ ಅಂತ ತಿಳಿಯಬೇಡಿ. ಎದುರಿಗೆ ಆಡಲು ಯಾರೂ ಇರಲಿಲ್ಲ. ನಮ್ಮವರು ಬೋರ್ಡಿನ ಮುಂದೆ ನಿಂತರೆ ಬಸ್ ಓಡಿಸಿದ ಹಾಗೇ ಆಡುತ್ತಾರೆ, ಎಲ್ಲಾ ಕಡೆ ಒಂದೊಂದು ನಿಲುಗಡೆ. ಮೈದುನನಿಗೆ ಪುರುಸೊತ್ತಿಲ್ಲ. ಹೊಸ ಹುಡುಗಿ ಸಂಜೆ ಹೊತ್ತು ಓಣಿಯ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. "ಬಾರೇ, ಸುಮ್ನೆ ನಿಂತು ಗೋಡೆ ಯಾಕೆ ಸವೆಸ್ತೀಯ" ಅಂದೆ. ಅಷ್ಟೇ. ಅವತ್ತು ನನ್ನ ಬಾಯಿಗೆ ಯಾರಾದರೂ ಬೀಗ ಹಾಕಬಾರದಿತ್ತೇ!

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಐನೂರ ಒಂದರಿಂದ ಶುರು. ಸರದಿಗೆ ಮೂರು ಡಾರ್ಟು, ಬಿದ್ದಷ್ಟು ಅಂಕ ಕಳೆಯುತ್ತ ಸರಿಯಾಗಿ ಸೊನ್ನೆಗೆ ಇಳಿಯಬೇಕು. ಕೊನೆಯ ಡಾರ್ಟು ಮಾತ್ರ ಬೋರ್ಡಿನ ಹೊರ ಅಂಚಿನ ಸಣ್ಣ ಪಟ್ಟಿಗೇ ಬೀಳಬೇಕು, ಅಲ್ಲಿ ಅಂಕ ದುಪ್ಪಟ್ಟು, ಅದಕ್ಕೇ ಅದರ ಹೆಸರು ಡಬಲ್. ಪಟ್ಟಿಯ ಅಗಲ ಒಂದು ಪೆನ್ಸಿಲ್ ದಪ್ಪ. ಐನೂರನ್ನು ಯಾರು ಬೇಕಾದರೂ ಕಳೆಯಬಹುದು, ಆ ಪೆನ್ಸಿಲ್ ದಪ್ಪದಲ್ಲಿ ಎಲ್ಲರ ಬಂಡವಾಳ ಬಯಲಾಗುತ್ತದೆ.

ನಮ್ಮ ಕ್ಲಬ್ಬು ಒಂದು ಟೈರ್ ಅಂಗಡಿಯ ಮಹಡಿಯಲ್ಲಿದೆ. ಅಲ್ಲಿ ನನ್ನನ್ನು ಕರೆಯುತ್ತಿದ್ದದ್ದು 'ಗಡಿಯಾರ' ಅಂತ. ನನ್ನ ಕೈ ಅಷ್ಟು ಸಮವಾಗಿ ಹೋಗಿ ಬರುತ್ತಿತ್ತು. ಟಕ್, ಟಕ್, ಟಕ್. ಕಣ್ಣು ಮುಚ್ಚಿಕೊಂಡು ಕೇಳಿದರೂ ಎಸೆಯುತ್ತಿರುವುದು ನಾನೇ ಅಂತ ಗೊತ್ತಾಗುತ್ತಿತ್ತಂತೆ. ಅವಳನ್ನು ಮೊದಮೊದಲು 'ಗಡಿಯಾರದ ವಾರಗಿತ್ತಿ' ಅನ್ನುತ್ತಿದ್ದರು. ಆಮೇಲೆ ಅವಳಿಗೆ 'ಸೂಜಿ' ಅಂತ ಹೆಸರು ಬಿತ್ತು. ಆಮೇಲೆ ಒಂದು ದಿನ ಯಾರೋ ಹೊಸಬ ನನ್ನನ್ನೇ ತೋರಿಸಿ, "ಇವರು ಯಾರು ಗೊತ್ತಾ? ಸೂಜಿಯ ವಾರಗಿತ್ತಿ" ಅಂದ. ನಾನು ನಕ್ಕೆ. ಹಲ್ಲು ಮಾತ್ರ ನಕ್ಕವು.

ಅವಳು ಕ್ಲಬ್ಬಿನ ಲೀಗ್ ಗೆದ್ದಳು, ಮಹಿಳೆಯರ ಸರಣಿಗೆ ಹೋದಳು, ಅಲ್ಲಿ ಗೆದ್ದಳು, ಗಂಡಸರ ಟೂರ್ನಿಗೆ ಕರೆಸಿದರು, ಅಲ್ಲಿ ಎರಡು ಸುತ್ತು ದಾಟಿ ಟೀವಿಯಲ್ಲಿ ಬಂದಳು. ಅವಳು ವೇದಿಕೆಗೆ ನಡೆದು ಬರುವಾಗ ಹಾಡು ಹಾಕುತ್ತಾರೆ, ಜನ ಎದ್ದು ಕುಣಿಯುತ್ತಾರೆ. ನಾನು ಹದಿನೈದು ವರ್ಷ ಆಡಿದ್ದೇನೆ, ನನಗೆ ಯಾರೂ ಒಂದು ಸೀಟಿ ಹೊಡೆದಿಲ್ಲ. ಬೆನ್ನ ಮೇಲೆ ಹೊಳೆಯುವ ಅಕ್ಷರದಲ್ಲಿ 'ಸೂಜಿ' ಅಂತ ಬರೆದ ಅವಳ ಅಂಗಿ ನಮ್ಮ ಮನೆಯ ಹಗ್ಗದ ಮೇಲೇ ಒಣಗುತ್ತದೆ, ನನ್ನ ಕಣ್ಣೆದುರಿಗೇ. ಅದು ಬಣ್ಣ ಬಿಡಲಿ ಅಂತ ಒಮ್ಮೆ ಬೇಕಂತಲೇ ಬಿಸಿನೀರಿಗೆ ಹಾಕಿದೆ. ಬಣ್ಣ ಬಿಡಲಿಲ್ಲ, ಒಳ್ಳೆಯ ಬಟ್ಟೆ. ಬಟ್ಟೆಯ ವಿಷಯ ನನಗೆ ಗೊತ್ತಿರಬೇಕಿತ್ತು.

ಹೊಟ್ಟೆಕಿಚ್ಚೇ? ಹೌದು, ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರಿಟ್ಟು ಏನು ಪ್ರಯೋಜನ. ಅವಳು ಮುಖ ತಿರುಗಿಸಿಕೊಂಡು ಓಡಾಡುವವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅದೂ ಇಲ್ಲ. ಗೆದ್ದು ಬಂದ ಮಾರನೇ ದಿನವೂ ಎದ್ದು ಪಾತ್ರೆ ತಿಕ್ಕುತ್ತಾಳೆ, "ಅಕ್ಕ, ನೀವು ಬಿಡಿ, ನಾನು ಮಾಡ್ತೀನಿ" ಅನ್ನುತ್ತಾಳೆ. ಅತ್ತೆ ಅವಳನ್ನು ತಲೆ ಮೇಲೆ ಕೂರಿಸಿಕೊಂಡು ಮೆರೆಸುತ್ತಾರೆ. ಮೊದಲು ನನ್ನ ಆಟ ಕಂಡರೆ "ಮನೆ ಗೋಡೆಯೆಲ್ಲ ತೂತು" ಅಂತ ಮೂಗು ಮುರಿಯುತ್ತಿದ್ದ ಅತ್ತೆ ಈಗ ಓಣಿಯಲ್ಲೇ ಕುರ್ಚಿ ಹಾಕಿಕೊಂಡು, ಅವಳು ಮೂರೂ ಡಾರ್ಟನ್ನು ಬೋರ್ಡಿನ ಅತಿ ಹೆಚ್ಚಿನ ಅಂಕವಾದ ಅರವತ್ತಕ್ಕೆ ಹೊಡೆದಾಗೆಲ್ಲ "ನೂರಾ ಎಂಬತ್ತು!" ಅಂತ ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ. ಬಚ್ಚಲಲ್ಲಿದ್ದ ನಮ್ಮವರು ಬೆಚ್ಚಿ ಮಗ್ಗು ಬೀಳಿಸುತ್ತಾರೆ.

ಇಷ್ಟನ್ನೂ ಹೇಗೋ ನುಂಗಿಕೊಂಡಿದ್ದೆ. ವಿಶ್ವ ಟೂರ್ನಿಯ ಆಯ್ಕೆ ಪಂದ್ಯ ಬಂದಾಗ ಮಾತ್ರ ಆಗಲಿಲ್ಲ. ನಮ್ಮ ಕಡೆಯಿಂದ ಹೆಂಗಸರಿಗೆ ಅಲ್ಲಿ ಒಂದೇ ಒಂದು ಜಾಗ. ಆ ಜಾಗಕ್ಕಾಗಿ ನಾನು ನಾಲ್ಕು ಸಲ ಸೆಮಿಫೈನಲ್ ತನಕ ಹೋಗಿ ಬಂದವಳು. ಕಣ್ಣಿಗೆ ಕನ್ನಡಕ ಬರುವ ವಯಸ್ಸು ಹತ್ತಿರವಾಗಿದೆ, ಇದು ಹೋದರೆ ಇನ್ನೊಂದಿಲ್ಲ ಅಂತ ಗೊತ್ತಿತ್ತು. ಪಂದ್ಯಗಳ ಪಟ್ಟಿ ಬಂತು. ಇಬ್ಬರೂ ಗೆಲ್ಲುತ್ತ ಹೋದರೆ ಸೆಮಿಫೈನಲ್ಲಿನಲ್ಲಿ ನಾನೂ ಅವಳೂ ಎದುರುಬದುರು. ಮೈದುನ ಪಟ್ಟಿ ಓದಿ ಹೇಳಿದಾಗ ಎಲ್ಲರೂ ನಕ್ಕರು. "ಯಾರು ಗೆದ್ರೂ ಜಾಗ ನಮ್ಮನೆಗೇ" ಅಂದರು ಅತ್ತೆ, ಅವಳ ಮುಖ ನೋಡಿಕೊಂಡು.

ಈಗ ನಮ್ಮ ಆಟದವರ ಒಂದು ಕಟ್ಟಳೆ ಹೇಳಬೇಕು. ಡಾರ್ಟ್ಸ್ ಆಡುವವರ ಮುಂದೆ ನೀವು ಏನು ಬೇಕಾದರೂ ಆಡಿ, ಬೈಯಿರಿ, ಕಾಲೆಳೆಯಿರಿ, ಗಂಡನ ಬಗ್ಗೆ ಕೇಳಿ. ಅವರ ಕೈಯ ಬಗ್ಗೆ ಮಾತ್ರ ಮಾತಾಡಬಾರದು. ಹೊಗಳಲೂಬಾರದು. ಯಾಕೆಂದರೆ ಕೈಗೆ ಒಂದು ಕಾಯಿಲೆಯಿದೆ. ಎಸೆಯುವವರು ತಾವು ಹೇಗೆ ಎಸೆಯುತ್ತೇವೆ ಅಂತ ಯೋಚಿಸಲು ಶುರು ಮಾಡಿದರೆ ಬೆರಳು ಡಾರ್ಟನ್ನು ಬಿಡುವುದಿಲ್ಲ. ತೋಳು ಮುಂದೆ ಹೋಗುತ್ತದೆ, ಡಾರ್ಟು ಬೆರಳಲ್ಲೇ ಉಳಿಯುತ್ತದೆ. ಕೈ ಕಟ್ಟಿತು ಅನ್ನುತ್ತೇವೆ. ಅದು ಬಂದವರಲ್ಲಿ ಹೆಚ್ಚಿನವರು ಮತ್ತೆ ಎಸೆಯುವ ಗೆರೆಯ ಹತ್ತಿರ ಬಂದಿಲ್ಲ. ಕ್ಲಬ್ಬಿನಲ್ಲಿ ಆ ಕಾಯಿಲೆಯ ಹೆಸರೆತ್ತಿದರೆ ದೊಡ್ಡ ದೊಡ್ಡ ಗಂಡಸರೂ ಎದ್ದು ಹೊರಗೆ ಹೋಗುತ್ತಾರೆ.

ಪಂದ್ಯಕ್ಕೆ ಎರಡು ವಾರವಿತ್ತು. ಇಬ್ಬರೂ ಕೂತು ಬಟ್ಟೆ ಮಡಿಸುತ್ತಿದ್ದೆವು. ನಾನು ಒಂದು ದಿಂಬಿನ ಚೀಲದ ಮೂಲೆ ಸರಿಮಾಡುತ್ತ, ಬಹಳ ಅಕ್ಕರೆಯಿಂದ ಕೇಳಿದೆ.

"ಅಲ್ವೇ, ನೀನು ಎಸೆಯೋವಾಗ ಕಿರುಬೆರಳು ಮೇಲೆತ್ತುತೀಯಲ್ಲ, ಚೆನ್ನಾಗಿರುತ್ತೆ ನೋಡೋಕೆ. ಬೇಕು ಅಂತ ಎತ್ತೋದಾ, ಇಲ್ಲ ತಾನಾಗೇ ಏಳುತ್ತಾ?"

ಅವಳ ಕೈಯಲ್ಲಿದ್ದ ಟವೆಲ್ ಅಲ್ಲೇ ನಿಂತಿತು. "ಎತ್ತುತೀನಾ?" ಅಂದಳು. ಬಲಗೈ ಎತ್ತಿ ನೋಡಿಕೊಂಡಳು. "ಗೊತ್ತಿಲ್ಲ ಅಕ್ಕ... ನಾನು ಯಾವತ್ತೂ ನೋಡೇ ಇಲ್ಲ."

"ಬಿಡು ಬಿಡು, ಸುಮ್ನೆ ಕೇಳಿದೆ" ಅಂದೆ. ತಲೆಗೆ ಹುಳ ಬಿಟ್ಟಾಗಿತ್ತು.

ಮರುದಿನ ಸಂಜೆ ಓಣಿಯಿಂದ ಕೇಳಿದ ಸದ್ದು ನನಗೆ ಹಾಲು ಕುಡಿದಷ್ಟು ಸಂತೋಷ ಕೊಟ್ಟಿತು. ಒಂದು ಟಕ್, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಆಮೇಲೆ ಡಾರ್ಟು ನೆಲಕ್ಕೆ ಬಿದ್ದ ಸದ್ದು. ಅದರ ಮರುದಿನವೂ ಹಾಗೇ. ಅತ್ತೆ ಕುರ್ಚಿ ಎತ್ತಿಕೊಂಡು ಒಳಗೆ ಬಂದು, "ಯಾಕೋ ಚಿಕ್ಕೋಳಿಗೆ ಸುಸ್ತು ಅನ್ಸುತ್ತೆ" ಅಂದರು. ನಾನು ಎರಡು ಸಲ ಬಡಿಸಿಕೊಂಡು ಉಂಡೆ. ನಮ್ಮವರು ನನ್ನ ತಟ್ಟೆ ನೋಡಿ, "ಏನೇ ಇವತ್ತು ಇಷ್ಟು ಖುಷಿ?" ಅಂದರು. "ಹಸಿವು" ಅಂದೆ.

ಮೂರನೇ ದಿನ ಅವಳೇ ಬಂದಳು. ಕಣ್ಣು ಊದಿತ್ತು. "ಅಕ್ಕ, ನೀವು ಹೇಳಿದ್ದು ನಿಜ, ಬೆರಳು ಏಳುತ್ತೆ. ಒಂದ್ಸಲ ಏಳುತ್ತೆ, ಒಂದ್ಸಲ ಏಳಲ್ಲ. ಅದಕ್ಕೇ ಎಡವಟ್ಟಾಗ್ತಿರೋದು. ನೀವೇ ಕಲಿಸಿದೋರು, ನೀವೇ ಪಕ್ಕದಲ್ಲಿ ಕೂತು ನೋಡಿ. ಎದ್ದಾಗೆಲ್ಲ ಹೇಳಿ."

ಒಲ್ಲೆ ಅನ್ನಲು ಏನು ನೆಪವಿತ್ತು? ಅತ್ತೆ ಎದುರಿಗೇ ಇದ್ದರು. "ಕೂತ್ಕೋ ದೊಡ್ಡೋಳೆ, ನಿನಗೇನು ಗಂಟು ಹೋಗುತ್ತೆ" ಅಂದರು. ಅತ್ತೆಯ ಕುರ್ಚಿಯಲ್ಲಿ ನಾನು ಕೂತೆ. ಸಂಜೆಯೆಲ್ಲ ನನ್ನ ಕೆಲಸ ಅದೇ ಆಯಿತು. ಅವಳ ಕಿರುಬೆರಳಲ್ಲಿ ಕಣ್ಣು ನೆಟ್ಟು ಕೂರುವುದು, "ಎದ್ದಿತು," "ಇಲ್ಲ," "ಅರ್ಧ ಎದ್ದಿತು" ಅನ್ನುವುದು. ಅವಳು ಎಸೆಯುವುದು, ತಿರುಗಿ ನನ್ನ ಮುಖ ನೋಡುವುದು. ಎದ್ದೇ ಇಲ್ಲದಾಗಲೂ ಎದ್ದಿತು ಅಂದಿದ್ದೇನೆ, ಯಾಕೆ ಬಿಡಲಿ. ಕೊನೆಗೊಂದು ದಿನ ಅವಳು ಕ್ಲಿನಿಕ್ಕಿನಿಂದ ಬಿಳಿ ಟೇಪು ತಂದು ಕಿರುಬೆರಳನ್ನು ಉಂಗುರದ ಬೆರಳಿಗೆ ಸೇರಿಸಿ ಸುತ್ತಿಕೊಂಡುಬಿಟ್ಟಳು. "ಇನ್ನು ಅದು ಎದ್ರೂ ಅಷ್ಟೇ, ಬಿಟ್ರೂ ಅಷ್ಟೇ" ಅಂದಳು. ಎಸೆದಳು. ಟಕ್, ಟಕ್, ಟಕ್. ಅತ್ತೆ ಒಳಗಿನಿಂದಲೇ "ನೂರಾ ಎಂಬತ್ತಾ?" ಅಂತ ಕೂಗಿದರು. ಹೌದು, ನೂರಾ ಎಂಬತ್ತೇ.

ಮಾರನೇ ದಿನ ಅಂಗಡಿಗೆ ಹೋಗುವ ಮೊದಲು, ಓಣಿ ಖಾಲಿಯಿದ್ದಾಗ, ನಾನು ಗೆರೆಯ ಹತ್ತಿರ ನಿಂತು ಕೈ ಎತ್ತಿದೆ. ಎತ್ತಿದವಳು ನನ್ನ ಕಿರುಬೆರಳನ್ನು ನೋಡಿದೆ. ಅದು ಮಡಚಿಕೊಂಡಿತ್ತು. ಹದಿನೈದು ವರ್ಷದಿಂದ ಹೀಗೇ ಮಡಚಿಕೊಂಡಿತ್ತೋ, ಇವತ್ತು ಮಡಚಿಕೊಂಡಿದೆಯೋ? ತೋಳು ಮುಂದೆ ಹೋಯಿತು. ಡಾರ್ಟು ನನ್ನ ಬೆರಳಲ್ಲೇ ಇತ್ತು.

ಇನ್ನೊಮ್ಮೆ ಎತ್ತಿದೆ, ಹೋಯಿತು. ಸರಿ, ಏನಿಲ್ಲ ಅಂದುಕೊಂಡೆ. ಅವತ್ತಿನಿಂದ ಹತ್ತು ಎಸೆತ ಸರಾಗ ಹೋದರೆ ಹನ್ನೊಂದನೆಯದು ಅಂಟಿಕೊಳ್ಳುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಅನ್ನುವ ಭಯ. ಅವಳ ಟೇಪು ಕದ್ದು ನಾನೂ ಸುತ್ತಿ ನೋಡಿದೆ. ಆಗ ಹೆಬ್ಬೆರಳು ಏನು ಮಾಡುತ್ತಿದೆ ಅನ್ನುವ ಯೋಚನೆ ಹತ್ತಿಕೊಂಡಿತು.

ಆಯ್ಕೆ ಪಂದ್ಯ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ, ಬೆಳಗಿನಿಂದ ಸಂಜೆಯ ತನಕ. ಮೊದಲ ಸುತ್ತುಗಳಲ್ಲಿ ನನ್ನ ಎದುರಾಳಿಗಳು ನನಗಿಂತ ಹೆಚ್ಚು ಹೆದರಿದ್ದರು, ದಾಟಿಕೊಂಡೆ. ಸೆಮಿಫೈನಲ್ಲಿಗೆ ಅವಳು ಬಿಳಿ ಟೇಪಿನ ಕೈಯನ್ನು ಚಾಚಿ, "ಚೆನ್ನಾಗಿ ಆಡಿ ಅಕ್ಕ" ಅಂದಳು. ಆಗಲೇ ನಮ್ಮ ಕ್ಲಬ್ಬಿನ ಇಬ್ಬರು ಹುಡುಗಿಯರು ಅವಳನ್ನು ನೋಡಿ ತಮ್ಮ ಬೆರಳಿಗೂ ಟೇಪು ಸುತ್ತಿಕೊಂಡು ಬಂದಿದ್ದರು. ನನ್ನ ಹೊಟ್ಟೆಕಿಚ್ಚು ಅವಳಿಗೊಂದು ಫ್ಯಾಷನ್ ಮಾಡಿಕೊಟ್ಟಿತ್ತು ನೋಡಿ.

ನಾನು ಕೆಟ್ಟದಾಗೇನೂ ಆಡಲಿಲ್ಲ. ಸಮಸಮ ಬಂದು ಕೊನೆಯ ಆಟಕ್ಕೆ ನಿಂತಿತು. ನನಗೆ ಉಳಿದದ್ದು ಮೂವತ್ತೆರಡು, ಅಂದರೆ ಹದಿನಾರರ ಡಬಲ್. ಅವಳಿಗೆ ನೂರ ಇಪ್ಪತ್ತು. ಸರದಿ ನನ್ನದು, ಕೈಯಲ್ಲಿ ಮೂರು ಡಾರ್ಟು. ಹದಿನಾರರ ಡಬಲ್ ಅಂದರೆ ನನ್ನ ಅಡುಗೆಮನೆಯ ಸ್ವಿಚ್ಚಿದ್ದ ಹಾಗೆ, ಕತ್ತಲಲ್ಲೂ ಕೈ ಅಲ್ಲಿಗೇ ಹೋಗುತ್ತದೆ. ಇದೊಂದು ಬಿದ್ದರೆ ನಾನು ಫೈನಲ್ಲಿನಲ್ಲಿ. ಅಲ್ಲಿ ಕಾಯುತ್ತಿದ್ದವಳು ಒಬ್ಬ ಅಂಚೆಯವಳು, ಅವಳಿಗೆ ನಾನು ಎಂದೂ ಸೋತವಳಲ್ಲ.

ತೋಳು ಎತ್ತಿದೆ. ಮುಂದೆ ಹೋಯಿತು, ಹಿಂದೆ ಬಂತು. ಡಾರ್ಟು ಕೈಯಲ್ಲೇ. ಮತ್ತೆ ಮುಂದೆ, ಮತ್ತೆ ಹಿಂದೆ. ಯಾರೋ ಕೆಮ್ಮಿದರು. ಮೂರನೇ ಸಲ ಬಲವಂತವಾಗಿ ಬೆರಳು ಬಿಡಿಸಿದೆ, ಅದು ಬೋರ್ಡಿನ ಕೆಳಗೆ ಗೋಡೆಗೆ ಹೊಡೆದು ಬಿತ್ತು. ಎರಡನೆಯದು ಡಬಲ್‌ನ ಆಚೆ ಕಪ್ಪು ಅಂಚಿಗೆ. ಮೂರನೆಯದನ್ನು ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ, ಪಂಚರು "ಆಡಿ ಮೇಡಂ" ಅಂದರು. ಅದೂ ಆಚೆಗೇ ಹೋಯಿತು. ಸಭಾಂಗಣದಲ್ಲಿ ಎಲ್ಲರಿಗೂ ನನಗೇನಾಗಿದೆ ಅಂತ ಗೊತ್ತಾಗಿಹೋಗಿತ್ತು. ಮುಂದಿನ ಸಾಲಿನವರು ನೆಲ ನೋಡುತ್ತಿದ್ದರು. ಅವಳು ಮಾತ್ರ ನನ್ನ ಕೈಯನ್ನೇ ನೋಡುತ್ತಿದ್ದಳು.

ಅವಳು ಬಂದು ಅರವತ್ತು ಹೊಡೆದಳು, ಇಪ್ಪತ್ತು ಹೊಡೆದಳು, ಇಪ್ಪತ್ತರ ಡಬಲ್ ಹೊಡೆದಳು. ಟಕ್, ಟಕ್, ಟಕ್. ನನ್ನ ಸದ್ದು ಅದು. ಅದನ್ನೂ ತೆಗೆದುಕೊಂಡಿದ್ದಾಳೆ ಅನ್ನಿಸಿತು.

ಸೋತ ಮೇಲಾದರೂ ಮನೆಗೆ ಹೋಗೋಣವೆಂದರೆ ಅದೂ ಇಲ್ಲ. ದೊಡ್ಡ ಟೂರ್ನಿಗಳಲ್ಲಿ ಅಂಕ ಪರದೆಯ ಮೇಲೆ ತಾನಾಗಿ ಬರುತ್ತದೆ. ನಮ್ಮ ಆಯ್ಕೆ ಪಂದ್ಯಗಳಲ್ಲಿ ಇನ್ನೂ ಹಳೆಯ ಪದ್ಧತಿ, ಸೋತವರು ಅದೇ ಬೋರ್ಡಿನ ಮುಂದಿನ ಆಟಕ್ಕೆ ಅಂಕ ಬರೆಯಬೇಕು. ಹಾಗಾಗಿ ಫೈನಲ್ಲಿಗೆ ಸೀಮೆಸುಣ್ಣ ಹಿಡಿದು ಬೋರ್ಡಿನ ಪಕ್ಕ ನಿಂತವಳು ನಾನು. ಬರೆಯುವವರು ಆಟಗಾರರ ಕಡೆ ತಿರುಗುವ ಹಾಗಿಲ್ಲ. ಮುಖ ಬೋರ್ಡಿಗೆ, ಬೆನ್ನು ಸಭೆಗೆ. ಒಂದು ಅಂಕಿ ತಪ್ಪು ಬರೆದರೆ ಏನಾಗುತ್ತದೆ ಅಂತ ಯೋಚಿಸಲಿಲ್ಲವೇ? ಯೋಚಿಸಿದೆ. ಆದರೆ ಅಲ್ಲಿ ಕೂತ ಅಷ್ಟೂ ಜನ ಬಾಯಲ್ಲೇ ಕಳೆಯುತ್ತಿದ್ದರು. ಇಂಥ ಕಡೆ ಮೋಸ ಮಾಡಲೂ ಯೋಗ್ಯತೆ ಬೇಕು.

ಕೊನೆಗೆ ಹಿಂದಿನಿಂದ ಅವಳ ಧ್ವನಿ ಬಂತು. "ಎಷ್ಟಿದೆ ಅಕ್ಕ?"

ಕೇಳಿದರೆ ಹೇಳಲೇಬೇಕು, ನಿಯಮ. "ನಲವತ್ತು" ಅಂದೆ. ನನ್ನ ಬಾಯಿಂದಲೇ.

ಇಪ್ಪತ್ತಕ್ಕೆ ಒಂದು ಬಿತ್ತು. ಹತ್ತರ ಡಬಲ್‌ನ ಆಚೆ ಕಪ್ಪು ಅಂಚಿಗೆ ಒಂದು. ಬೀಳದಿರಲಿ ಅಂತ ಹಲ್ಲು ಕಚ್ಚಿದ್ದೆ, ದವಡೆ ನೋಯುತ್ತಿತ್ತು. ಮೂರನೆಯದು ನನ್ನ ಕಣ್ಣೆದುರಿಗೇ ಬಂದು ಪಟ್ಟಿಯ ನಟ್ಟನಡುವೆ ನಿಂತು ಅಲುಗಾಡಿತು. ಹಿಂದೆ ಸಭೆಯೆಲ್ಲ ಎದ್ದು ಕೂಗಿತು. ನಾನು ಸೀಮೆಸುಣ್ಣದಲ್ಲಿ ಸೊನ್ನೆ ಬರೆದೆ, ಬಹಳ ದುಂಡಗೆ.

ಹೆಂಗಸರ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಹೊರಗೆ ಮೈದುನ ಯಾರಿಗೋ ಫೋನಿನಲ್ಲಿ ಕಿರುಚುತ್ತಿದ್ದ. ನಾನು ಬೆಂಚಿನ ಮೇಲೆ ಕೂತು ಷೂ ಬಿಚ್ಚುತ್ತಿದ್ದೆ. ಅವಳು ಹಲ್ಲಿನಿಂದ ಟೇಪಿನ ತುದಿ ಎಳೆದು ಬಿಚ್ಚುತ್ತ, ನನ್ನ ಕಡೆ ನೋಡದೆ ಕೇಳಿದಳು.

"ಎಷ್ಟು ದಿನದಿಂದ?"

"ಏನು?"

"ಕೈ."

ಸುಳ್ಳು ಹೇಳಲು ಆಗಲಿಲ್ಲ. "ನಿನ್ನ ಬೆರಳು ನೋಡ್ತಾ ಕೂತ ಮೇಲೆ" ಅಂದೆ.

ಅವಳು ಟೇಪನ್ನು ಉಂಡೆ ಮಾಡಿ ಕೈಯಲ್ಲೇ ಹಿಡಿದುಕೊಂಡಳು. "ನೀವು ಬೆರಳಿನ ಮಾತೆತ್ತಿದ್ದು ಯಾಕೆ ಅಂತ ಅವತ್ತೇ ಗೊತ್ತಾಯ್ತು ಅಕ್ಕ. ಕ್ಲಬ್ಬಲ್ಲಿ ಚಿಕ್ಕ ಮಕ್ಕಳೂ ಆ ಮಾತು ಎತ್ತಲ್ಲ. ನೀವು ಮರೆತು ಕೇಳ್ತೀರಾ?"

"ಗೊತ್ತಿದ್ದೂ ನನ್ನನ್ನೇ ಕೂರಿಸ್ಕೊಂಡ್ಯಾ?"

"ಗೊತ್ತಿದ್ದಿದ್ದಕ್ಕೇ ಕೂರಿಸ್ಕೊಂಡಿದ್ದು. ನಾನೊಬ್ಬಳೇ ಯಾಕೆ ಬೆರಳು ನೋಡ್ಕೊಂಡು ಸಾಯಬೇಕು, ನೀವೂ ನೋಡಿ ಅನ್ನಿಸ್ತು. ಹತ್ತಿಕೊಂಡ್ರೆ ಹತ್ತಿಕೊಳ್ಳಲಿ ಅನ್ನಿಸ್ತು." ಅವಳು ಟೇಪಿನ ಉಂಡೆಯನ್ನು ಬೆಂಚಿನ ಕೆಳಗೆ ಎಸೆದಳು. "ನಿಜವಾಗ್ಲೂ ಹತ್ತಿಕೊಳ್ಳುತ್ತೆ ಅಂದ್ಕೊಂಡಿರ್ಲಿಲ್ಲ."

ಎದ್ದು ಅವಳ ಜುಟ್ಟು ಹಿಡಿಯಬೇಕು ಅನ್ನಿಸಿತು. ಪಾತ್ರೆ ತಿಕ್ಕುವ, "ನೀವು ಬಿಡಿ ಅಕ್ಕ" ಅನ್ನುವ ಆ ಮುಖದ ಹಿಂದೆ ಇವಳು ಕೂತಿದ್ದಳೇ ಇಷ್ಟು ದಿನ! "ನಿನಗೇನೇ ಕಡಿಮೆಯಾಗಿತ್ತು?" ಅಂತ ಕೂಗಿದೆ. "ಟೀವಿ ನಿನ್ನದು, ಅಂಗಿ ನಿನ್ನದು, ಅತ್ತೆ ನಿನ್ನ ಕಡೆ. ನನ್ನ ಹತ್ರ ಇದ್ದಿದ್ದು ಒಂದು ಕೈ!"

"ಅದೇ!" ಅಂತ ಅವಳೂ ಕೂಗಿದಳು. "ಆ ಕೈ! ಮದುವೆಯಾಗಿ ಬಂದಾಗಿನಿಂದ ಅದನ್ನೇ ನೋಡ್ತಾ ಇದೀನಿ. ನಿಮಗೆ ಟೇಪು ಬೇಡ, ಯೋಚನೆ ಬೇಡ, ಒಂದು ಕೈಲಿ ಸಾರು ಕಲಕ್ಕೊಂಡು ಇನ್ನೊಂದು ಕೈಲಿ ಹೊಡೀತೀರಿ. ನಾನು ಒಂದೊಂದು ಎಸೆತಕ್ಕೂ ನೂರು ಲೆಕ್ಕ ಹಾಕಬೇಕು. ಟೀವಿಯೋರು ನನ್ನ ಹೊಗಳೋವಾಗೆಲ್ಲ, ಇವರಿನ್ನೂ ಅಕ್ಕನ ಕೈ ನೋಡಿಲ್ಲ, ನೋಡಿದ್ರೆ ನನ್ನ ಕಡೆ ತಿರುಗಿ ನೋಡಲ್ಲ ಅನ್ನಿಸೋದು. ಹೊಟ್ಟೆ ಉರಿದುಹೋಗಿದೆ ನನಗೆ, ಗೊತ್ತಾ?"

ಹೊರಗೆ ಅತ್ತೆ ಬಾಗಿಲು ತಟ್ಟಿ, "ಚಿಕ್ಕೋಳೇ, ಫೋಟೋದೋರು ಕಾಯ್ತಾ ಇದಾರೆ" ಅಂದರು.

ನನ್ನ ಬಲಗೈ ತೊಡೆಯ ಮೇಲೆ ಬಿದ್ದುಕೊಂಡಿತ್ತು. ಅದು ಮತ್ತೆ ಸರಿಹೋಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಜಾಗ ಅವಳದಾಗಿತ್ತು. ನಾನು ಅಳಬೇಕಿತ್ತು, ಇಲ್ಲ ಅವಳ ಕೆನ್ನೆಗೆ ಎರಡು ಬಿಡಬೇಕಿತ್ತು. ಅದರ ಬದಲು ಬೆಂಚಿನ ಮೇಲೆ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿಕೊಟ್ಟೆ. ಅವಳು ಮೂಗು ಒರೆಸಿಕೊಳ್ಳುತ್ತ ಬಂದು ಕೂತಳು.

"ನಿಜವಾಗ್ಲೂ ಹೊಟ್ಟೆ ಉರೀತಿತ್ತಾ?" ಅಂತ ಕೇಳಿದೆ.

"ತುಂಬಾ" ಅಂದಳು.

"ಟೀವಿಯಲ್ಲಿ ಬಂದ ಮೇಲೂ?"

"ಬಂದ ಮೇಲೆ ಇನ್ನೂ ಜಾಸ್ತಿ."

ಅತ್ತೆ ಮತ್ತೆ ಬಾಗಿಲು ತಟ್ಟಿದರು, ಅವಳು ಏಳಹೋದಳು. ನಾನು ಅವಳ ತೋಳು ಹಿಡಿದು ಕೂರಿಸಿ, "ಇರು, ಆಮೇಲೆ ಹೋಗುವೆಯಂತೆ" ಅಂದೆ. "ಮೊದಲಿಂದ ಹೇಳು."